ಎರಡು ಬ್ಯಾಟರಿ ತಿಂದ ಪುಟ್ಟ ಬಲ್ಬು: ಹಳೇ ಜೀಪಿನ ಚಾರ್ಜಿಂಗ್ ಲೈಟ್ ಪ್ರಕರಣ

ಗೌಡರ ಜೀಪು ನನ್ನ ಅಂಗಡಿಗೆ ಬಂದಿದ್ದು ಪಿಕಪ್ ಗಾಡಿಯ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಜುಲೈ ಕೊನೆಯ ವಾರ. ಮೂಡಿಗೆರೆಯಲ್ಲಿ ನಾಲ್ಕು ದಿನದಿಂದ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಗೌಡರು ಕೊಡೆ ಮಡಚಿ ಬೆಂಚಿನ ಮೇಲೆ ಕೂತರು. "ಈ ಸಲ ಏನಾದ್ರೂ ಒಂದು ದಾರಿ ತೋರಿಸು ಮಾರಾಯ. ಇಲ್ಲ ಅಂದ್ರೆ ಮಾರಿಬಿಡ್ತೀನಿ" ಅಂದರು. ಅವರು ಮಾರುವವರಲ್ಲ ಅಂತ ನನಗೆ ಗೊತ್ತು. ಆದರೆ ಆ ದನಿಯಲ್ಲಿದ್ದ ಸುಸ್ತು ನಿಜವಾಗಿತ್ತು.

ಗಾಡಿ ಮಹೀಂದ್ರ ಎಂಎಂ 540, 1994ರ ಮಾಡೆಲ್. ಪ್ಯೂಜೋ ವಿನ್ಯಾಸದ 2112 ಸಿಸಿ ಡೀಸೆಲ್ ಎಂಜಿನ್, 12 ವೋಲ್ಟ್ ವೈರಿಂಗ್, ಫೋರ್ ವೀಲ್ ಗೇರ್. ಗೌಡರ ಕಾಫಿ ತೋಟದಲ್ಲಿ ಗೊಬ್ಬರ ಹೊರುವುದರಿಂದ ಹಿಡಿದು ಮಕ್ಕಳನ್ನು ಬಸ್ ಸ್ಟಾಪಿಗೆ ಬಿಡುವವರೆಗೆ ಎಲ್ಲಕ್ಕೂ ಇದೇ ಗಾಡಿ. ಮಳೆಗಾಲದಲ್ಲಿ ಆ ರಸ್ತೆಗೆ ಬೇರೆ ಯಾವ ಗಾಡಿಯೂ ಇಳಿಯುವುದಿಲ್ಲ.

ತೊಂದರೆ ಹೇಳುವುದಕ್ಕೆ ಸುಲಭ. ಬೆಳಿಗ್ಗೆ ಬ್ಯಾಟರಿ ಡೌನ್. ಈ ಎಂಜಿನ್‌ಗೆ ಚಳಿಯಲ್ಲಿ ಮೊದಲು ಹೀಟರ್ ಕೊಡಬೇಕು. ನಾಲ್ಕು ಹೀಟರ್ ಪ್ಲಗ್ ಸೇರಿ ಬ್ಯಾಟರಿಯಿಂದ ಹತ್ತಾರು ಆಂಪಿಯರ್ ಎಳೆಯುತ್ತವೆ. ಅದಾದ ಮೇಲೆ ಸೆಲ್ಫ್, ಅಂದರೆ ಎಂಜಿನ್ ಎಬ್ಬಿಸುವ ಸ್ಟಾರ್ಟರ್ ಮೋಟರ್, ತಿರುಗಬೇಕು. ಅರ್ಧ ಚಾರ್ಜ್ ಇರುವ ಬ್ಯಾಟರಿಗೆ ಎರಡೂ ಆಗುವ ಮಾತಲ್ಲ. ದಿನಾ ಆಳುಗಳು ತಳ್ಳಬೇಕು.

14 ತಿಂಗಳಲ್ಲಿ ಎರಡು ಹೊಸ ಬ್ಯಾಟರಿ ಹಾಕಿಸಿದ್ದರು. ಪಟ್ಟಣದ ಒಂದು ಅಂಗಡಿಯಲ್ಲಿ, ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬಿಚ್ಚಿಸಿ ಕಾರ್ಬನ್ ಬ್ರಷ್, ಡಯೋಡ್ ಪ್ಲೇಟ್, ರೆಗ್ಯುಲೇಟರ್ ಎಲ್ಲ ಬದಲಿಸಿದ್ದರು. ಬೆಲ್ಟ್ ಹೊಸದು. ಪ್ರತಿ ಸಲವೂ ಒಂದು ವಾರ, ಹತ್ತು ದಿನ ಸರಿ ಇರುತ್ತಿತ್ತು. ಆಮೇಲೆ ಮತ್ತೆ ಅದೇ ಕಥೆ.

ನಾನು ಕೇಳಿದ ಮೊದಲ ಪ್ರಶ್ನೆ ಇಷ್ಟೇ. "ಗೌಡ್ರೇ, ಕೀ ತಿರುಗಿಸಿದಾಗ ಮೀಟರ್ ಬೋರ್ಡಲ್ಲಿ ಕೆಂಪು ಬ್ಯಾಟರಿ ಲೈಟ್ ಬರುತ್ತಾ?"

"ಇಲ್ಲ. ಅದು ಬರೋದೇ ಇಲ್ಲ. ಬರಲಿಲ್ಲ ಅಂದ್ರೆ ಚಾರ್ಜ್ ಆಗ್ತಿದೆ ಅಂತ ತಾನೇ ಅರ್ಥ?"

ಈ ಉತ್ತರ ಕೇಳಿದಾಗಲೇ ನನ್ನ ಮನಸ್ಸು ಆಲ್ಟರ್ನೇಟರ್ ಬಿಟ್ಟು ಡ್ಯಾಶ್‌ಬೋರ್ಡ್ ಕಡೆ ಹೋಯಿತು.

ಆ ದೀಪದ ಕೆಲಸ ಏನು

ಇಲ್ಲಿ ಸ್ವಲ್ಪ ನಿಂತು ವಿವರಿಸಬೇಕು. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಸಾವಿರಾರು ರೂಪಾಯಿ ಕಳೆದುಕೊಳ್ಳುವುದನ್ನು ನಾನು ನೋಡುತ್ತಲೇ ಇದ್ದೇನೆ.

ಹಳೇ ಕಾಲದ ಜೀಪುಗಳಲ್ಲಿ ಬ್ಯಾಟರಿ ಚಾರ್ಜ್ ಮಾಡಲು ಡೈನಮೊ ಇತ್ತು. ಜೊತೆಗೆ, ಬ್ಯಾಟರಿ ಕರೆಂಟ್ ಡೈನಮೊಗೆ ವಾಪಸ್ ಹರಿಯದಂತೆ ತಡೆಯುವ ಕಟೌಟ್ ಬಾಕ್ಸ್. ಡೈನಮೊ ಒಳಗಿನ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತದ ಗುಣ ಉಳಿದೇ ಇರುತ್ತದೆ. ತಿರುಗಿದರೆ ಅದರಿಂದಲೇ ಕರೆಂಟ್ ಹುಟ್ಟಲು ಶುರುವಾಗಿ ತನ್ನಷ್ಟಕ್ಕೆ ಏರುತ್ತದೆ. ಚಾರ್ಜಿಂಗ್ ಲೈಟ್ ಅಲ್ಲಿ ಬರೀ ಸುದ್ದಿ ಹೇಳುವ ದೀಪ. ಬಲ್ಬ್ ಸುಟ್ಟರೂ ಬ್ಯಾಟರಿ ಚಾರ್ಜ್ ಆಗುತ್ತಲೇ ಇರುತ್ತದೆ. ಅದರ ಮೇಲೆ ಕೆಲಸ ಕಲಿತ ಹಿರಿಯ ಮೆಕ್ಯಾನಿಕ್‌ಗಳಿಗೆ "ಲೈಟ್ ಹೋದ್ರೆ ಹೋಗ್ಲಿ" ಅನ್ನುವ ಮಾತು ಬಾಯಿಗೆ ಬಂದುಬಿಟ್ಟಿದೆ. ಅವರ ಗಾಡಿಗಳ ಮಟ್ಟಿಗೆ ಅದು ಸರಿಯಾದ ಮಾತೇ.

ಆಲ್ಟರ್ನೇಟರ್ ಹಾಗಲ್ಲ. ಇದರ ಕರೆಂಟ್, ಒಂದೇ ದಿಕ್ಕಿಗೆ ಹರಿಯಲು ಬಿಡುವ ಡಯೋಡ್‌ಗಳನ್ನು ದಾಟಿ ಬರಬೇಕು. ಒಂದೊಂದು ಡಯೋಡ್ ತೆರೆದುಕೊಳ್ಳಬೇಕಾದರೆ ಸುಮಾರು 0.6, 0.7 ವೋಲ್ಟ್ ಬೇಕು. ನಿಧಾನಕ್ಕೆ ತಿರುಗುವಾಗ ರೋಟರ್‌ನಲ್ಲಿ, ಅಂದರೆ ಒಳಗೆ ತಿರುಗುವ ಭಾಗದಲ್ಲಿ, ಉಳಿದ ಚೂರು ಅಯಸ್ಕಾಂತ ಶಕ್ತಿಗೆ ಆ ಹೊಸಿಲು ದಾಟುವಷ್ಟು ಬಲ ಇರುವುದಿಲ್ಲ. ಹೊರಗಿನಿಂದ ಒಂದು ತಳ್ಳು ಬೇಕು. ಆ ತಳ್ಳು ಬರುವುದು ಚಾರ್ಜಿಂಗ್ ಲೈಟ್‌ನಿಂದ.

ಕೀ ಆನ್ ಮಾಡಿದಾಗ ಬ್ಯಾಟರಿ ಕರೆಂಟ್ ಇಗ್ನಿಷನ್ ಸ್ವಿಚ್ ದಾಟಿ, ಬಲ್ಬ್ ದಾಟಿ, ಒಂದು ಸಣ್ಣ ವೈರ್‌ನಲ್ಲಿ ಆಲ್ಟರ್ನೇಟರ್‌ನ ಸಣ್ಣ ಟರ್ಮಿನಲ್‌ಗೆ ಬರುತ್ತದೆ. ಅದರ ಮೇಲೆ ಎಲ್ ಅಂತಲೋ, ಡಿ ಪ್ಲಸ್ ಅಂತಲೋ, ಐಎನ್‌ಡಿ ಅಂತಲೋ ಬರೆದಿರುತ್ತದೆ. ಅಲ್ಲಿಂದ ರೋಟರ್ ಕಾಯಿಲ್, ವೋಲ್ಟೇಜ್ ಹತೋಟಿಯಲ್ಲಿಡುವ ರೆಗ್ಯುಲೇಟರ್, ಕೊನೆಗೆ ಅರ್ಥ್. ಬಲ್ಬ್ ಉರಿಯುತ್ತದೆ, ಅದರ ಜೊತೆಗೇ ರೋಟರ್ ಅಯಸ್ಕಾಂತ ಆಗುತ್ತದೆ. 3 ವ್ಯಾಟ್ ಬಲ್ಬ್ ಆದರೆ ಕಾಲು ಆಂಪಿಯರ್ ಕರೆಂಟ್. ಇಷ್ಟು ಸಾಕು. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಆಲ್ಟರ್ನೇಟರ್ ಎದ್ದು ತನ್ನ ರೋಟರ್‌ಗೆ ತಾನೇ ಕರೆಂಟ್ ಕೊಟ್ಟುಕೊಳ್ಳುತ್ತದೆ. ಆಗ ಆ ಸಣ್ಣ ಟರ್ಮಿನಲ್‌ನಲ್ಲೂ 14 ವೋಲ್ಟ್, ಬಲ್ಬಿನ ಇನ್ನೊಂದು ಬದಿಯಲ್ಲೂ 14 ವೋಲ್ಟ್. ಎರಡೂ ಕಡೆ ಸಮ ಆದರೆ ಕರೆಂಟ್ ಎಲ್ಲಿಗೆ ಹರಿಯಬೇಕು? ದೀಪ ಆರುತ್ತದೆ.

ಗೌಡರಿಗೆ ನಾನು ಹೇಳಿದ್ದು ಅವರ ತೋಟದ ಭಾಷೆಯಲ್ಲೇ. "ನಿಮ್ಮ ಹೊಳೆ ಪಂಪ್‌ಸೆಟ್ ಇದೆಯಲ್ಲ ಗೌಡ್ರೇ, ಫುಟ್‌ವಾಲ್ವ್ ಲೀಕಾಗಿ ಪೈಪ್ ಖಾಲಿ ಆದ್ರೆ ಏನ್ ಮಾಡ್ತೀರಿ? ಒಂದು ಕೊಡ ನೀರು ಹುಯ್ದು ಆಮೇಲೆ ಸ್ವಿಚ್ ಹಾಕ್ತೀರಿ. ನೀರು ಹುಯ್ಯದಿದ್ರೆ ಮೋಟರ್ ಎಷ್ಟು ತಿರುಗಿದ್ರೂ ನೀರು ಬರಲ್ಲ. ಆ ಕೆಂಪು ಲೈಟಿಂದ ಹೋಗೋ ಕರೆಂಟು ಆ ಒಂದು ಕೊಡ ನೀರು."

ಗೌಡರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ "ಹಾಗಾದ್ರೆ ಲೈಟ್ ಬರದೇ ಇರೋದೇ ಕಾಯಿಲೆ" ಅಂದರು.

ಡ್ರೈವರ್ ಹೇಳಿದ ಒಂದು ಮಾತು

ಬ್ಯಾಟರಿ ರಾತ್ರಿಯಿಡೀ ಚಾರ್ಜರ್‌ನಲ್ಲಿತ್ತು. ಮರುದಿನ ಬೆಳಿಗ್ಗೆ ಚಾರ್ಜರ್ ತೆಗೆದು ಒಂದು ಗಂಟೆ ಬಿಟ್ಟು ನೋಡಿದರೆ 12.6 ವೋಲ್ಟ್. ಸದ್ಯಕ್ಕೆ ಪರವಾಗಿಲ್ಲ. ಗಾಡಿಗೆ ಹಾಕಿ ಸ್ಟಾರ್ಟ್ ಮಾಡಿದೆವು. ಐಡ್ಲಿಂಗ್‌ನಲ್ಲಿ ಮಲ್ಟಿಮೀಟರ್ 12.3 ತೋರಿಸಿತು, ಆಮೇಲೆ 12.2. ಹೆಡ್‌ಲೈಟ್ ಹಾಕಿದರೆ 11.9. ಸ್ವಲ್ಪ ರೇಸ್ ಮಾಡಿದರೂ ಏರಲಿಲ್ಲ. ಚಾರ್ಜ್ ಆಗುವ ಗಾಡಿಯಲ್ಲಿ 13.8ರಿಂದ 14.4ರ ಒಳಗೆ ಇರಬೇಕು.

ಗಾಡಿ ತಂದಿದ್ದ ಡ್ರೈವರ್ ಅಷ್ಟರಲ್ಲಿ ಸ್ಪ್ಯಾನರ್ ತಗೊಂಡು ಬ್ಯಾಟರಿ ಟರ್ಮಿನಲ್‌ಗೆ ಕೈ ಹಾಕಿದರು. ಎಂಜಿನ್ ಓಡುವಾಗಲೇ ಟರ್ಮಿನಲ್ ಬಿಚ್ಚಿ, ಲೈಟ್ ಉರಿಯುತ್ತಾ ನೋಡುವುದು ಅವರ ಲೆಕ್ಕ. ತಕ್ಷಣ ತಡೆದೆ. ಈ ಪರೀಕ್ಷೆಯೂ ಡೈನಮೊ ಕಾಲದ್ದು. ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿ ಬಿಚ್ಚಿದರೆ ವೋಲ್ಟೇಜ್ ಒಮ್ಮೆಲೇ ಮೇಲೆ ಹಾರುತ್ತದೆ. ಡಯೋಡ್, ರೆಗ್ಯುಲೇಟರ್ ಅಲ್ಲೇ ಸುಟ್ಟುಹೋಗಬಹುದು. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. 300 ರೂಪಾಯಿಯ ಮಲ್ಟಿಮೀಟರ್ ಆ ಕೆಲಸವನ್ನು ಏನೂ ಹಾಳುಮಾಡದೆ ಮಾಡುತ್ತದೆ.

ಅವರಿಗೆ ಬೇಜಾರಾಗಬಾರದು ಅಂತ ಟೀ ತರಿಸಿದೆ. ಮಾತಾಡುತ್ತಾ ಕೇಳಿದೆ. "ಅಣ್ಣಾ, ಆ ಕೆಂಪು ಲೈಟ್ ಯಾವತ್ತೂ ಬರೋದೇ ಇಲ್ವಾ? ಒಂದು ಸಲನೂ ನೋಡಿಲ್ವಾ?"

"ಒಂದೊಂದು ದಿನ ಬರುತ್ತೆ. ಶೆಡ್ಡಿಗೆ ಗಾಡಿ ಹಾಕಿ ಕೀ ಆಫ್ ಮಾಡ್ತೀನಲ್ಲ, ಸ್ಟಾಪ್ ನಾಬ್ ಎಳೆಯೋಕೆ ಮುಂಚೆ ಒಂದು ಗಳಿಗೆ ಬರುತ್ತೆ. ಎಂಜಿನ್ ನಿಂತ ಕೂಡಲೇ ಹೋಗುತ್ತೆ. ಪೇಟೆಗೆ ಹೋಗಿ ಬಂದ ದಿನ ಜಾಸ್ತಿ. ತೋಟದಲ್ಲೇ ಓಡಾಡಿದ ದಿನ ಬರಲ್ಲ."

ನಾನು ಟೀ ಲೋಟ ಕೆಳಗಿಟ್ಟೆ. ಇಡೀ ಪ್ರಕರಣದಲ್ಲಿ ಇದಕ್ಕಿಂತ ಬೆಲೆಬಾಳುವ ಮಾತು ಇನ್ನೊಂದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಈ ಡೀಸೆಲ್ ಎಂಜಿನ್ ಕೀ ಆಫ್ ಮಾಡಿದರೆ ನಿಲ್ಲುವುದಿಲ್ಲ. ಸ್ಟಾಪ್ ನಾಬ್ ಎಳೆದು ಡೀಸೆಲ್ ನಿಲ್ಲಿಸಬೇಕು. ಕೀ ಆಫ್ ಆದರೂ ಎಂಜಿನ್ ತಿರುಗುತ್ತಿರುವ ಆ ಎರಡು ಸೆಕೆಂಡು, ಆಲ್ಟರ್ನೇಟರ್ ಎದ್ದಿದ್ದರೆ ಅದರ ಸಣ್ಣ ಟರ್ಮಿನಲ್‌ನಲ್ಲಿ 14 ವೋಲ್ಟ್ ಇರುತ್ತದೆ. ಕೀ ಬದಿಯಲ್ಲಿ ಸೊನ್ನೆ. ಆಗ ಕರೆಂಟ್ ಉಲ್ಟಾ ಹರಿದು, ಬಲ್ಬ್ ದಾಟಿ, ಡೀಸೆಲ್ ಗೇಜ್, ಟೆಂಪರೇಚರ್ ಗೇಜ್‌ಗಳ ಮೂಲಕ ಅರ್ಥ್ ಸೇರುತ್ತದೆ. ದೀಪ ಕಾಣುತ್ತದೆ.

ಅಂದರೆ ಪೇಟೆಗೆ ಹೋದ ದಿನ ಆಲ್ಟರ್ನೇಟರ್ ಕೆಲಸ ಮಾಡಿದೆ. ಅದು ಕೆಟ್ಟಿಲ್ಲ. ಟಾರ್ ರೋಡಿನಲ್ಲಿ ಎಂಜಿನ್ ಚೆನ್ನಾಗಿ ರೇಸ್ ಆಗುವುದರಿಂದ ತಳ್ಳು ಇಲ್ಲದೆಯೂ ರೋಟರ್‌ನಲ್ಲಿ ಉಳಿದಿದ್ದ ಶಕ್ತಿಯಿಂದಲೇ ಹೇಗೋ ಎದ್ದುಬಿಡುತ್ತದೆ. ಒಮ್ಮೆ ಎದ್ದರೆ ಎಂಜಿನ್ ನಿಲ್ಲಿಸುವವರೆಗೂ ಚಾರ್ಜ್ ಮಾಡುತ್ತದೆ. ತೋಟದೊಳಗೆ ಎಂಜಿನ್ ಹೆಚ್ಚಿಗೆ ರೇಸ್ ಆಗುವುದಿಲ್ಲ, ಸಾಲದ್ದಕ್ಕೆ ಮತ್ತೆ ಮತ್ತೆ ನಿಲ್ಲಿಸುತ್ತಾರೆ. ಆವತ್ತು ಅದು ಏಳುವುದೇ ಇಲ್ಲ. ಪ್ರತಿ ರಿಪೇರಿ ಆದ ಮೇಲೆ ಒಂದು ವಾರ ಸರಿ ಇದ್ದಿದ್ದೂ ಹೀಗೆಯೇ. ಹೊರಗೆ ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಇಳಿಯಲು ಅಷ್ಟು ದಿನ ತಗೊಳ್ಳುತ್ತಿತ್ತು, ಅಷ್ಟೇ.

ಆದರೆ ಇನ್ನೊಂದು ವಿಚಿತ್ರ ಇತ್ತು. ಉಲ್ಟಾ ಹರಿದಾಗ ಉರಿಯುವ ಬಲ್ಬ್ ನೇರ ಹರಿದಾಗ ಯಾಕೆ ಉರಿಯುವುದಿಲ್ಲ? ಸಾಧಾರಣ ಫಿಲಮೆಂಟ್ ಬಲ್ಬ್‌ಗೆ ದಿಕ್ಕು ಇಲ್ಲ. ದಿಕ್ಕು ಇರುವುದು ಎಲ್‌ಇಡಿಗೆ.

"ಗೌಡ್ರೇ, ಮೀಟರ್ ಬೋರ್ಡಿಗೆ ಏನಾದ್ರೂ ಮಾಡಿಸಿದ್ರಾ?"

"ಹೋದ ವರ್ಷ ಬೇಸಿಗೆಯಲ್ಲಿ ಬಾಡಿ ಪೇಂಟ್ ಮಾಡಿಸಿದೆ ನೋಡು. ಆಗ ಲೈಟೆಲ್ಲ ಮಂಕಾಗಿತ್ತು ಅಂತ ಒಳಗಿನ ಬಲ್ಬ್ ಎಲ್ಲ ಹೊಸದು ಹಾಕಿಸಿದೆ. ಬೆಳ್ಳಗೆ ಚೆನ್ನಾಗಿ ಉರಿಯೋವು."

ಹೋದ ವರ್ಷ ಬೇಸಿಗೆ. 14 ತಿಂಗಳ ಹಿಂದೆ. ಬಾಡಿ ಪೇಂಟಿಗೂ ಬ್ಯಾಟರಿಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು? ಅವರು ಹೇಳಿರಲಿಲ್ಲ, ಮುಂಚೆ ನೋಡಿದವರು ಕೇಳಿರಲಿಲ್ಲ.

ಆಲ್ಟರ್ನೇಟರ್ ನಿರ್ದೋಷಿ

ಊಹೆ ಎಷ್ಟು ಗಟ್ಟಿ ಇದ್ದರೂ ಪರೀಕ್ಷೆ ಮಾಡಲೇಬೇಕು. ಮೊದಲು ಕೀ ಆನ್ ಮಾಡಿದೆ. ಆಯಿಲ್ ಲೈಟ್ ಬಂತು, ಬ್ಯಾಟರಿ ಲೈಟ್ ಇಲ್ಲ. ಈ ಗಾಡಿಯಲ್ಲಿ ಎರಡಕ್ಕೂ ಒಂದೇ ಫ್ಯೂಸಿನಿಂದ ಕರೆಂಟ್. ಆಯಿಲ್ ಲೈಟ್ ಬಂತು ಅಂದರೆ ಫ್ಯೂಸ್ ಹೋಗಿಲ್ಲ.

ಆಮೇಲೆ ಆಲ್ಟರ್ನೇಟರ್ ಹಿಂಭಾಗದ ಸಣ್ಣ ವೈರ್ ಕಿತ್ತು, ಅದರ ತುದಿಯನ್ನು ಎಂಜಿನ್ ಬಾಡಿಗೆ ಮುಟ್ಟಿಸಿದೆ. ವೈರಿಂಗ್ ಸರಿ ಇದ್ದರೆ ಮೀಟರ್ ಬೋರ್ಡಿನಲ್ಲಿ ಲೈಟ್ ಪೂರ್ತಿ ಉರಿಯಬೇಕು. ಉರಿಯಲಿಲ್ಲ. ಹೀಗೆ ಮುಟ್ಟಿಸುವುದು ಬರೀ ಆ ಸಣ್ಣ ವೈರ್‌ಗೆ ಮಾತ್ರ. ಪಕ್ಕದ ದಪ್ಪ ಬಿ ಪ್ಲಸ್ ವೈರ್ ನೇರ ಬ್ಯಾಟರಿಯಿಂದ ಬರುತ್ತದೆ, ಕೀ ಆಫ್ ಇದ್ದರೂ ಅದರಲ್ಲಿ ಕರೆಂಟ್ ಇರುತ್ತದೆ. ಅದನ್ನು ಬಾಡಿಗೆ ಮುಟ್ಟಿಸಿದರೆ ಬೆಂಕಿ.

ಕೊನೆಗೆ ನನಗೆ ತುಂಬ ಇಷ್ಟದ ಪರೀಕ್ಷೆ. ಹೋಲ್ಡರ್ ಸಮೇತ ಒಂದು 12 ವೋಲ್ಟ್ 5 ವ್ಯಾಟ್ ಪಾರ್ಕಿಂಗ್ ಬಲ್ಬ್, ಎರಡು ವೈರ್, ಎರಡು ಕ್ಲಿಪ್. ಒಂದು ಕ್ಲಿಪ್ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಆಲ್ಟರ್ನೇಟರ್‌ನ ಸಣ್ಣ ಟರ್ಮಿನಲ್‌ಗೆ. ಬಲ್ಬ್ ಹತ್ತಿಕೊಂಡಿತು. ಅಂದರೆ ರೋಟರ್, ಬ್ರಷ್, ರೆಗ್ಯುಲೇಟರ್ ದಾಟಿ ಕರೆಂಟ್ ಹೋಗುತ್ತಿದೆ. ಡ್ರೈವರ್‌ಗೆ ಸ್ಟಾರ್ಟ್ ಮಾಡಲು ಹೇಳಿದೆ. ಎಂಜಿನ್ ಹಿಡಿದುಕೊಂಡು ಒಂದು ಸಲ ಗುರ್ ಅಂದಿತು. ನನ್ನ ಕೈಯಲ್ಲಿದ್ದ ಬಲ್ಬ್ ಕೆಂಪಗಾಗಿ ಆರಿಹೋಯಿತು. ಮೀಟರ್ 12.2ರಿಂದ 13.5, 13.9, 14.1ಕ್ಕೆ ಬಂದು ನಿಂತಿತು.

ಗೌಡರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. "ಇಷ್ಟೇನಾ?" ಅಂದರು. ಎರಡು ಬ್ಯಾಟರಿಯ ದುಡ್ಡು ಅವರ ಕಣ್ಣ ಮುಂದೆ ಹಾದುಹೋಗಿರಬೇಕು. ನನಗೂ ಸಂಕಟ ಆಯಿತು.

ಎರಡನೇ ದೋಷ

ಮೀಟರ್ ಬೋರ್ಡ್ ಬಿಚ್ಚಿದೆ. ಊಹಿಸಿದ ಹಾಗೆಯೇ ಎಲ್ಲ ಎಲ್‌ಇಡಿ. ಚಾರ್ಜಿಂಗ್ ಲೈಟಿನದ್ದು ಹೋಲ್ಡರ್‌ನಲ್ಲಿ ಉಲ್ಟಾ ಕೂತಿತ್ತು. ಕಿತ್ತು ತಿರುಗಿಸಿ ಹಾಕಿದೆ, ಕೀ ಆನ್ ಮಾಡಿದಾಗ ಬೆಳಕು ಬಂತು. ಇಲ್ಲಿಗೇ ಕೆಲಸ ಮುಗಿಯಿತು ಅಂತ ಬಾನೆಟ್ ಮುಚ್ಚಿಬಿಡಬಹುದಿತ್ತು. ಆದರೆ ಎಂಜಿನ್ ಸ್ಟಾರ್ಟ್ ಮಾಡಿದರೆ ಲೈಟ್ ಆರಲಿಲ್ಲ, ಚಾರ್ಜಿಂಗ್ ಬರಲಿಲ್ಲ. ಸರಿಯಾದ ದಿಕ್ಕಿನಲ್ಲಿ ಹಾಕಿದರೂ ಎಲ್‌ಇಡಿ ದಾಟಿ ಹೋಗುವ ಕರೆಂಟ್ ಬಹಳ ಕಡಿಮೆ. ಫಿಲಮೆಂಟ್ ಬಲ್ಬ್‌ನಲ್ಲಿ ಹೋಗುವುದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಕೊಡ ನೀರು ಬೇಕಾದ ಕಡೆ ಒಂದು ಚಮಚ ಹುಯ್ದ ಹಾಗೆ.

ಎಲ್‌ಇಡಿಯೇ ಇರಲಿ ಅನ್ನುವವರು ಅದಕ್ಕೆ ಪ್ಯಾರಲಲ್ ಆಗಿ 68ರಿಂದ 100 ಓಮ್ ಒಳಗಿನ, 5 ವ್ಯಾಟ್‌ನ ಒಂದು ರೆಸಿಸ್ಟರ್ ಹಾಕಬೇಕು. ಅದು ಬಿಸಿಯಾಗುತ್ತದೆ, ಪ್ಲಾಸ್ಟಿಕ್‌ಗೆ ತಾಗದ ಹಾಗೆ ಕಟ್ಟಬೇಕು. ನನ್ನ ಸಲಹೆ ಕೇಳಿದರೆ ಹಳೇ ಗಾಡಿಗೆ ಹಳೇ ಥರದ ಬಲ್ಬೇ ಸರಿ. 20 ರೂಪಾಯಿಯ 3 ವ್ಯಾಟ್ ಫಿಲಮೆಂಟ್ ಬಲ್ಬ್ ತಂದು ಹಾಕಿದೆ.

ಈಗ ಲೈಟ್ ಬರಲೇ ಇಲ್ಲ.

ಹೊಸ ಬಲ್ಬ್. ಬೇರೆ ಕಡೆ ಪರೀಕ್ಷೆ ಮಾಡಿಯೇ ಹಾಕಿದ್ದು. ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಆಲ್ಟರ್ನೇಟರ್ ತುದಿಯ ವೈರ್‌ಗೆ ಮಲ್ಟಿಮೀಟರ್ ಹಿಡಿದ. "ಅಣ್ಣಾ, 11.9 ಇದೆ. ಕರೆಂಟ್ ಬರ್ತಾ ಇದೆ" ಅಂದ. ಅವನು ಮೀಟರ್ ಸರಿಯಾಗಿಯೇ ಓದಿದ್ದ. ಆದರೆ ಮೀಟರ್ ತಾನು ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಕೂದಲೆಳೆಯಷ್ಟು ತಾಮ್ರ ಅಂಟಿಕೊಂಡಿದ್ದರೂ ಅದಕ್ಕೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಅದೇ ತುದಿಗೆ ಟೆಸ್ಟ್ ಲ್ಯಾಂಪ್, ಅಂದರೆ ಆ ಕ್ಲಿಪ್ ಹಾಕಿದ 5 ವ್ಯಾಟ್ ಬಲ್ಬ್, ಹಾಕಿ, ಇನ್ನೊಂದು ಕ್ಲಿಪ್ ಎಂಜಿನ್ ಬಾಡಿಗೆ ಕೊಡು ಅಂದೆ. ಟೆಸ್ಟ್ ಲ್ಯಾಂಪೂ ಉರಿಯಲಿಲ್ಲ, ಒಳಗಿನ ಬಲ್ಬೂ ಉರಿಯಲಿಲ್ಲ. ಹುಡುಗನ ಮುಖದಲ್ಲಿ ಆಶ್ಚರ್ಯ. 11.9 ವೋಲ್ಟ್ ಇದೆ, ಕೆಲಸ ಮಾಡುವ ಶಕ್ತಿ ಇಲ್ಲ. ವೈರ್ ಚೆಕ್ ಮಾಡುವಾಗ ಲೋಡ್ ಕೊಟ್ಟೇ ನೋಡಬೇಕು ಅನ್ನುವುದು ಅವನಿಗೆ ಅವತ್ತು ಕಣ್ಣಾರೆ ಸಿಕ್ಕಿತು.

ಹೋಲ್ಡರ್‌ನಿಂದ ಆಲ್ಟರ್ನೇಟರ್‌ವರೆಗೆ ಆ ವೈರ್ ಹಿಡಿದು ಬೆರಳಾಡಿಸುತ್ತಾ ಹೋದೆ. ಡ್ಯಾಶ್‌ಬೋರ್ಡ್ ಹಿಂದಿನಿಂದ, ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯಾದ ಫೈರ್‌ವಾಲ್‌ನ ರಬ್ಬರ್ ಬುಷ್ ದಾಟಿ ಎಂಜಿನ್ ಕಡೆ ಬರುತ್ತದೆ. ಅಲ್ಲಿಂದ ಒಂದೂವರೆ ಅಡಿ ಮುಂದೆ, ಸೈಲೆನ್ಸರ್ ಮ್ಯಾನಿಫೋಲ್ಡ್‌ನ ಬಿಸಿ ತಾಗುವ ಜಾಗದಲ್ಲಿ, ಟೇಪ್ ಸುತ್ತಿದ ಒಂದು ಉಬ್ಬು ಕೈಗೆ ಸಿಕ್ಕಿತು. ಯಾವ ಕಾಲದ್ದೋ ಜಾಯಿಂಟ್. ಟೇಪ್ ಕರಗಿ ಬೆಲ್ಲದ ಪಾಕದ ಹಾಗೆ ಅಂಟಂಟಾಗಿತ್ತು. ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದೆ. ಒಳಗೆ ತಾಮ್ರ ಗಟ್ಟಿ ಇದ್ದರೆ ವೈರ್ ಎಳೆಯುವುದಿಲ್ಲ. ಇದು ರಬ್ಬರ್ ಬ್ಯಾಂಡ್ ಹಾಗೆ ಜಗ್ಗಿತು.

ಟೇಪ್ ಬಿಡಿಸಿದರೆ ಒಳಗೆ ತಾಮ್ರದ ಬಣ್ಣವೇ ಇಲ್ಲ. ಹಸಿರು ಕಿಲುಬು. ಬೆರಳಿಗೆ ಪುಡಿ ಹತ್ತಿತು. ಎರಡು ತುದಿಗಳನ್ನು ಸುಮ್ನೆ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು, ಬೆಸುಗೆ ಇರಲಿಲ್ಲ. ಮಳೆನೀರು ವೈರ್ ಹಿಡಿದು ಇಳಿದು ಅಲ್ಲೇ ನಿಂತಿದೆ, ಎಂಜಿನ್ ಬಿಸಿ ಅದನ್ನು ಬೇಯಿಸಿದೆ. ಮೀಟರ್ ಇಟ್ಟು ವೈರ್ ಅಲುಗಿಸಿದರೆ 400 ಓಮ್, 900, ಮತ್ತೆ 300. ಎಲ್‌ಇಡಿ ಮಿಣುಕಲು ಇಷ್ಟು ದಾರಿ ಸಾಕು. ಫಿಲಮೆಂಟ್ ಬಲ್ಬ್ ಉರಿಯಲು, ರೋಟರ್ ಎಬ್ಬಿಸಲು ಸಾಲದು.

ಇಡೀ ಕಥೆ ಈಗ ಒಂದು ಸಾಲಿಗೆ ಬಂತು. ಮೊದಲು ಕೆಟ್ಟಿದ್ದು ಈ ಜಾಯಿಂಟ್. ಅದರಿಂದ ಚಾರ್ಜಿಂಗ್ ಲೈಟ್ ಮಂಕಾಯಿತು. ಉಳಿದ ಬಲ್ಬ್‌ಗಳು ವಯಸ್ಸಾಗಿ ಮಂಕಾಗಿದ್ದವು, ಇದು ವೈರ್ ಕೆಟ್ಟು ಮಂಕಾಗಿತ್ತು, ನೋಡುವವರ ಕಣ್ಣಿಗೆ ಎರಡೂ ಒಂದೇ. ಎಲ್ಲಕ್ಕೂ ಎಲ್‌ಇಡಿ ಬಂತು. ಇದ್ದ ಚೂರುಪಾರು ಕರೆಂಟೂ ನಿಂತಿತು. ಆಮೇಲೆ ಬ್ಯಾಟರಿಗಳು ಒಂದಾದ ಮೇಲೊಂದು ಸತ್ತವು. ಲೆಡ್ ಆಸಿಡ್ ಬ್ಯಾಟರಿಯನ್ನು ಪದೇ ಪದೇ ಪೂರ್ತಿ ಇಳಿಸಿ ಹಾಗೇ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಮೊದಲಿನಂತೆ ಹಿಡಿದಿಡುವುದಿಲ್ಲ.

ಆ ಜಾಯಿಂಟ್ ಸರಿ ಮಾಡುವ ಗೋಜಿಗೆ ಹೋಗಲಿಲ್ಲ. ಹೋಲ್ಡರ್‌ನಿಂದ ಆಲ್ಟರ್ನೇಟರ್‌ವರೆಗೆ ಒಂದೇ ತುಂಡು ಹೊಸ ಆಟೋ ವೈರ್ ಎಳೆದೆ, 1 ಸ್ಕ್ವೇರ್ ಎಂಎಂ. ಮ್ಯಾನಿಫೋಲ್ಡ್ ಕಡೆ ಬಿಟ್ಟು ಇನ್ನೊಂದು ಬದಿಯಿಂದ, ಸ್ಲೀವ್ ಹಾಕಿ, ಅಲ್ಲಲ್ಲಿ ಕ್ಲಿಪ್ ಮಾಡಿ ತಂದೆ. ತುದಿಗೆ ಲಗ್ ಒತ್ತಿ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಎಳೆದೆ. ಫೈರ್‌ವಾಲ್ ದಾಟುವ ಮುಂಚೆ ವೈರ್‌ಗೆ ಕೆಳಕ್ಕೆ ಒಂದು ಬಾಗು ಕೊಟ್ಟೆ, ನೀರು ಬಂದರೆ ಅಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ. ಕೀ ಆನ್ ಮಾಡಿದರೆ ಕೆಂಪು ದೀಪ ತುಂಬಿ ಉರಿಯಿತು. ಸ್ಟಾರ್ಟ್ ಮಾಡಿದರೆ ಆರಿತು. 14.2 ವೋಲ್ಟ್.

ಕತ್ತಲಲ್ಲಿ ಮಾತ್ರ ಕಂಡಿದ್ದು

ಗೌಡರು ಸಂಜೆ ಗಾಡಿ ತಗೊಂಡು ಹೋಗಲು ಬಂದರು. ಮಳೆ, ಮಂಜು, ಕತ್ತಲು. ಹೆಡ್‌ಲೈಟ್, ವೈಪರ್, ಫಾಗ್ ಲೈಟ್ ಎಲ್ಲ ಹಾಕಿ ಹೊರಡುವಾಗ ಡ್ರೈವರ್ ಕರೆದರು. "ಅಣ್ಣಾ, ಲೈಟ್ ಪೂರ್ತಿ ಆರಿಲ್ಲ ನೋಡಿ."

ಕೈ ಅಡ್ಡ ಹಿಡಿದು ನೋಡಿದೆ. ಬಲ್ಬಿನೊಳಗಿನ ತಂತಿ ಮಾತ್ರ ಕೆಂಪಗೆ, ಊದುಬತ್ತಿಯ ತುದಿಯ ಹಾಗೆ. ಹಗಲಲ್ಲಿ ಇದು ಕಾಣುತ್ತಲೇ ಇರಲಿಲ್ಲ. ಫಾಗ್ ಲೈಟ್ ಆಫ್ ಮಾಡಿದರೆ ಹೋಗುತ್ತದೆ, ಹಾಕಿದರೆ ಬರುತ್ತದೆ.

ಗಾಡಿ ಮತ್ತೆ ಒಳಗೆ ಹಾಕಿಸಿದೆ. ಮಂಕು ಬೆಳಕು ಅಂದರೆ ಬಲ್ಬಿನ ಎರಡು ಬದಿಯ ವೋಲ್ಟೇಜ್ ಸಮ ಇಲ್ಲ ಅಂತ. ಯಾವ ಬದಿ ಕಡಿಮೆ ಅನ್ನುವುದನ್ನು ಅಳೆದು ನೋಡಬೇಕು. ಆಲ್ಟರ್ನೇಟರ್ ಬದಿ 14.2. ಕೀ ಬದಿ 11.8. ಅಂದರೆ ಬ್ಯಾಟರಿಯಿಂದ ಇಗ್ನಿಷನ್ ದಾಟಿ ಮೀಟರ್ ಬೋರ್ಡಿಗೆ ಬರುವ ದಾರಿಯಲ್ಲಿ 2.4 ವೋಲ್ಟ್ ಸೋರುತ್ತಿದೆ. ಆಲ್ಟರ್ನೇಟರ್ ಇಲ್ಲೂ ನಿರ್ದೋಷಿ.

ಫ್ಯೂಸ್ ಬಾಕ್ಸ್ ಮೇಲೆ ಕೈ ಇಟ್ಟೆ. ಒಂದು ಫ್ಯೂಸ್ ಕ್ಲಿಪ್ ಕೈ ಸುಡುವಷ್ಟು ಬಿಸಿ. ಅದರ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿತ್ತು. ಯಾರೋ ಫಾಗ್ ಲೈಟ್‌ಗೆ ಅಲ್ಲಿಂದಲೇ ಕರೆಂಟ್ ಎಳೆದಿದ್ದರು. ತಲಾ 55 ವ್ಯಾಟ್‌ನ ಎರಡು ಬಲ್ಬ್ ಅಂದರೆ 9 ಆಂಪಿಯರ್. ಜೊತೆಗೆ ವೈಪರ್. ಹಳೇ ಸಣ್ಣ ವೈರ್, ಸಡಿಲ ಕ್ಲಿಪ್, ಸವೆದ ಇಗ್ನಿಷನ್ ಸ್ವಿಚ್, ಎಲ್ಲ ಸೇರಿ ಅಷ್ಟನ್ನು ಹೊರಬೇಕಿತ್ತು. ಚಾರ್ಜಿಂಗ್ ಲೈಟ್ ಸರಿ ಇಲ್ಲದಿದ್ದರೆ ಇದು ಗೊತ್ತಾಗುತ್ತಿದ್ದದ್ದು ಹೊಗೆ ಬಂದಾಗಲೇ.

ಫಾಗ್ ಲೈಟ್‌ಗೆ ರಿಲೇ ಹಾಕಿದೆ, ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ ಅದು. ಕರೆಂಟ್ ನೇರ ಬ್ಯಾಟರಿಯಿಂದ, ಬ್ಯಾಟರಿ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸ್. ಸ್ವಿಚ್ ಈಗ ರಿಲೇ ಎಳೆಯುವಷ್ಟು ಕರೆಂಟ್ ಮಾತ್ರ ಹೊರುತ್ತದೆ. ಫ್ಯೂಸ್ ಕ್ಲಿಪ್ ಕೆರೆದು, ಒತ್ತಿ ಬಿಗಿ ಮಾಡಿದೆ. ಸುಟ್ಟ ವೈರ್ ತುದಿ ಕತ್ತರಿಸಿ ಹೊಸ ಲಗ್ ಹಾಕಿದೆ. ಮತ್ತೆ ಅಳೆದರೆ ಎರಡು ಬದಿಯ ವ್ಯತ್ಯಾಸ 0.2 ವೋಲ್ಟ್. ಲೈಟೆಲ್ಲ ಹಾಕಿ, ಅಂಗಡಿಯ ದೀಪ ಆರಿಸಿ, ಡ್ರೈವರ್ ಮತ್ತು ನಾನು ಇಬ್ಬರೂ ಬಗ್ಗಿ ನೋಡಿದೆವು. ಕಪ್ಪು.

ಎಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿಯನ್ನೂ ಅಳೆದೆ, 0.1 ವೋಲ್ಟ್, ಚೆನ್ನಾಗಿತ್ತು. ಅದನ್ನು ಮುಟ್ಟಲಿಲ್ಲ.

ಗೌಡರು ಮೂರನೇ ಬ್ಯಾಟರಿ ಹಾಕಿಸಲಾ ಅಂತ ಕೇಳಿದರು. ಬೇಡ, ಈಗಿರುವುದನ್ನೇ ಎರಡು ತಿಂಗಳು ನೋಡಿ ಅಂದೆ. ಅದು ಸ್ವಲ್ಪ ಪೆಟ್ಟು ತಿಂದಿದೆ, ಆದರೆ ಸತ್ತಿಲ್ಲ. ದಸರಾ ಹೊತ್ತಿಗೆ ಬಂದಾಗ ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.5 ಇತ್ತು. ಆಳುಗಳು ತಳ್ಳುವುದು ನಿಂತು ಎರಡೂವರೆ ತಿಂಗಳಾಗಿತ್ತು.

ಅದಕ್ಕೂ ಮುಂಚೆ, ಆಗಸ್ಟ್‌ನಲ್ಲಿ ಒಂದು ರಾತ್ರಿ ಡ್ರೈವರ್ ಫೋನ್ ಮಾಡಿದ್ದರು. ದನಿಯಲ್ಲಿ ಗಾಬರಿ. "ಅಣ್ಣಾ, ಮತ್ತೆ ಶುರುವಾಯ್ತು. ಕೀ ಆಫ್ ಮಾಡಿದ್ರೆ ಸ್ಟಾಪ್ ಎಳೆಯೋ ತನಕ ಲೈಟ್ ಸಣ್ಣಗೆ ಬರುತ್ತೆ."

"ದಿನಾ ಬರುತ್ತಾ, ಇಲ್ಲ ಪೇಟೆಗೆ ಹೋದ ದಿನ ಮಾತ್ರನಾ?"

"ದಿನಾ."

"ತೋಟದಲ್ಲೇ ಓಡಾಡಿದ ದಿನನೂ?"

"ಹೂಂ, ಇವತ್ತು ತೋಟ ಬಿಟ್ಟು ಹೋಗೇ ಇಲ್ಲ."

"ಹಾಗಾದ್ರೆ ಆರಾಮಾಗಿ ಮಲ್ಕೊಳಿ ಅಣ್ಣಾ. ಅದು ಆಲ್ಟರ್ನೇಟರ್ ಎದ್ದಿದೆ ಅಂತ ಹೇಳ್ತಾ ಇರೋದು. ಯಾವತ್ತು ಬರಲ್ವೋ ಅವತ್ತು ಫೋನ್ ಮಾಡಿ."